ಪಿನ್ ಬಡಿಯುವಾಗ ಹಾರುವ ಚೂರು: ಹುಡುಗರು ಕನ್ನಡಕ ಹಣೆ ಮೇಲೆ ಇಟ್ಕೊಳ್ತಾರೆ, ಏನು ಮಾಡೋದು?

ಹೊಸನಗರ_ಹಿಟಾಚಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಜೆಸಿಬಿ, ಒಂದು ಹಿಟಾಚಿ. ಮಳೆ ಹಿಡಿದ ಮೇಲೆ ನಮ್ಮ ಕಡೆ ಮಣ್ಣಿನ ಕೆಲಸ ಬಂದ್. ಜೂನ್ ಕಳೆದರೆ ಗಾಡಿಗಳು ಶೆಡ್ಡಿಗೆ ಬರುತ್ತವೆ. ಬಕೆಟ್ಟನ್ನು ಆರ್ಮಿಗೆ ಜೋಡಿಸೋ ಪಿನ್ನು, ಅದು ತಿರುಗೋ ಬುಶ್ಶು, ಬಕೆಟ್ ಹಲ್ಲು, ಟ್ರ್ಯಾಕು ಎಲ್ಲ ಬಿಚ್ಚೋದು ಆಗಲೇ. ಇಲ್ಲಿ ಗಾಡಿ ಇಟ್ಟವರಿಗೆಲ್ಲ ಗೊತ್ತಿರೋದೇ ಇದು.

ವಿಷಯ ಏನಂದ್ರೆ, ಮೊನ್ನೆ ಪಕ್ಕದ ಊರಿನ ಒಂದು ಗ್ಯಾರೇಜಿನಲ್ಲಿ ಬಕೆಟ್ ಪಿನ್ ಹೊರಗೆ ಹಾಕುವಾಗ ಚೂರು ಹಾರಿ ಒಬ್ಬ ಹುಡುಗನ ಕಣ್ಣಿಗೆ ಹೊಕ್ಕಿದೆ. ಸಮ್ಮಟಿಗೆ ಬೀಸಿದವನಿಗೆ ಏನೂ ಆಗಿಲ್ಲ. ಎದುರಿಗೆ ಪಿನ್ನಿಗೆ ರಾಡು ಆನಿಸಿ ಹಿಡಿದು ಕೂತಿದ್ದವನಿಗೆ ಆಗಿದ್ದು. ಅದನ್ನು ಕೇಳಿದ ಮೇಲೆ ನಾನು ಶಿವಮೊಗ್ಗಕ್ಕೆ ಹೋಗಿ ಎಲ್ಲರಿಗೂ ಕನ್ನಡಕ ತಂದೆ. ಒಂದು ಗಂಟೆ ಹಾಕ್ತಾರೆ, ಆಮೇಲೆ ಹಣೆ ಮೇಲೆ. ಕೇಳಿದ್ರೆ "ಅಣ್ಣ, ಮಂಜು ಕಟ್ತದೆ, ಪಿನ್ನೇ ಕಾಣಲ್ಲ" ಅಂತಾರೆ. ಅವರು ಹೇಳೋದೂ ಸುಳ್ಳಲ್ಲ. ನಮ್ಮ ಶೆಡ್ಡಿನಲ್ಲಿ ಜುಲೈ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ.

ಮಂಜು ಕಟ್ಟದ ಕನ್ನಡಕ ಯಾವುದು? ನೀವೆಲ್ಲ ಹೇಗೆ ಮಾಡ್ತಾ ಇದ್ದೀರಿ?

ಆಟೋಕಾಂಪ್ಲೆಕ್ಸ್_ಮೇಸ್ತ್ರಿ:

ಕನ್ನಡಕದ ವಿಷಯ ಆಮೇಲೆ ನೋಡೋಣ. ಮೊದಲು ನಿಮ್ಮ ಶೆಡ್ಡಿನ ಮೂಲೆಯಲ್ಲಿ ಬಿದ್ದಿರೋ ಹಳೇ ಪಿನ್ ಒಂದು ಎತ್ತಿ ಅದರ ತುದಿ ನೋಡಿ. ಅಂಚಿನಲ್ಲಿ ಉಗುರಿನ ಆಕಾರದ ಹಳ್ಳ ಇರುತ್ತದೆ. ಒಳಗೆ ಬೂದು ಬಣ್ಣ, ಸ್ವಲ್ಪ ಹರಳು ಹರಳು. ಸುತ್ತಿಗೆ ಮುಖದ ಅಂಚಿನಲ್ಲೂ ಅಂಥದ್ದೇ ಒಂದೆರಡು ಇರುತ್ತದೆ. ಅಲ್ಲಿದ್ದ ಉಕ್ಕು ಎಲ್ಲಿಗೆ ಹೋಯ್ತು? ಯಾರೂ ಕೇಳಲ್ಲ. ಯಾರಿಗೂ ತಾಗದೆ ಗೋಡೆಗೆ ಹೋಗಿರುತ್ತದೆ, ಅಷ್ಟೇ.

ಬಕೆಟ್ ಪಿನ್ನಿನ ಮೇಲ್ಮೈಯನ್ನು ಬೇಕಂತಲೇ ಕಾಯಿಸಿ ಗಟ್ಟಿ ಮಾಡಿರುತ್ತಾರೆ, ಬುಶ್ಶಿನಲ್ಲಿ ತಿರುಗಿ ತಿರುಗಿ ಸವೆಯಬಾರದು ಅಂತ. ಸುತ್ತಿಗೆ ಮುಖವೂ ಗಟ್ಟಿ ಮಾಡಿದ್ದೇ. ಎರಡು ಗಟ್ಟಿ ಉಕ್ಕು ಒಂದಕ್ಕೊಂದು ಬಡಿದರೆ ಯಾವುದೂ ಬಗ್ಗಲ್ಲ. ಗಟ್ಟಿ ಬೆಲ್ಲದ ಅಚ್ಚಿಗೆ ಪೆಟ್ಟು ಕೊಟ್ಟ ಹಾಗೆ ಅಂಚಿನಿಂದ ಸಿಡಿಯುತ್ತದೆ. ಓರೆ ಪೆಟ್ಟು ಬಿದ್ದರಂತೂ ಇನ್ನೂ ಜಾಸ್ತಿ. ಸಿಡಿದ ಚೂರು ಸಾಸಿವೆಯಷ್ಟೇ ಇದ್ದರೂ ಅದರ ಅಂಚು ಬ್ಲೇಡು.

ಅದಕ್ಕೇ ನನ್ನ ಹುಡುಗರಿಗೆ ಹೇಳೋದು ಒಂದೇ ಮಾತು. ಗಟ್ಟಿ ಮೇಲೆ ಗಟ್ಟಿ ಹೊಡೀಬೇಡಿ. ಮಧ್ಯೆ ಹಿತ್ತಾಳೆ ರಾಡ್ ಇಡಿ. ಹಿತ್ತಾಳೆ ಮೆತ್ತಗೆ, ಪೆಟ್ಟು ತಿಂದು ಚಪ್ಪಟೆ ಆಗ್ತದೆ, ಸಿಡಿಯಲ್ಲ. ಸುತ್ತಿಗೆಯನ್ನು ಪಿನ್ನಿನ ಮೇಲೆ ಇಟ್ಟು ಇನ್ನೊಂದು ಸುತ್ತಿಗೆಯಿಂದ ಹೊಡೆಯುವ ಚಾಳಿ ನಮ್ಮ ಕಡೆ ಭಾರಿ ಇದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಟಿಪ್ಪರ್_ತೀರ್ಥಹಳ್ಳಿ:

ಮೇಸ್ತ್ರಿಗಳೇ, ಬೇಜಾರು ಮಾಡ್ಕೋಬೇಡಿ. ಅಪ್ಪನ ಕಾಲದಿಂದ ನಾವು ಸಮ್ಮಟಿಗೆ ಬೀಸಿಯೇ ಪಿನ್ ತೆಗೆದಿದ್ದು. ಯಾರಿಗೂ ಎಂತದೂ ಆಗಿಲ್ಲ. ಹಿತ್ತಾಳೆ ಇಟ್ಟು ಹೊಡೆದ್ರೆ ಅರ್ಧ ಪೆಟ್ಟು ಹಿತ್ತಾಳೆಯೇ ತಿನ್ನುತ್ತದೆ. ತುಕ್ಕು ಹಿಡಿದು ಕೂತ ಪಿನ್ನು ಅದಕ್ಕೆಲ್ಲ ಜಗ್ಗಲ್ಲ ಮಾರಾಯ್ರೆ.

ಆಟೋಕಾಂಪ್ಲೆಕ್ಸ್_ಮೇಸ್ತ್ರಿ:

ಜಗ್ಗಲ್ಲ ಅಂದ್ರೆ ಯಾಕೆ ಜಗ್ಗಲ್ಲ ಅಂತ ನೋಡಬೇಕಲ್ವಾ. ಎಷ್ಟೋ ಸಲ ಪಿನ್ನು ಜಾಮ್ ಆಗಿರೋದೇ ಇಲ್ಲ, ಮೇಲೆ ಭಾರ ಕೂತಿರುತ್ತದೆ. ಬಕೆಟ್ಟು ಅಂತರದಲ್ಲಿ ಅರ್ಧ ನೇತಾಡ್ತಾ ಇರುತ್ತೆ, ಪೂರ್ತಿ ತೂಕ ಪಿನ್ನಿನ ಮೇಲೆ. ಆಗ ಆನೆ ಬಂದು ಹೊಡೆದರೂ ಬರಲ್ಲ.

ಬಕೆಟ್ಟನ್ನು ಸಮತಟ್ಟು ಜಾಗದಲ್ಲಿ ದಪ್ಪ ಮರದ ದಿಮ್ಮಿ ಮೇಲೆ ಕೂರಿಸಿ. ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿ, ಲಿವರ್‌ಗಳನ್ನು ಆ ಕಡೆ ಈ ಕಡೆ ಆಡಿಸಿ ಪ್ರೆಶರ್ ಬಿಡಿ. ಆಮೇಲೆ ಆರ್ಮಿನ ತುದಿಗೆ ಸಣ್ಣ ಜಾಕ್ ಕೊಟ್ಟು ಕೂದಲಿನಷ್ಟು ಮೇಲೆ ಕೆಳಗೆ ಮಾಡ್ತಾ ಪಿನ್ನನ್ನು ಕೈಯಿಂದ ತಿರುಗಿಸಿ ನೋಡಿ. ತಿರುಗಿತು ಅಂದ್ರೆ ಭಾರ ಇಳೀತು. ಅಲ್ಲಿಂದ ಮುಂದೆ ಹಿತ್ತಾಳೆಯ ಪೆಟ್ಟೇ ಸಾಕು.

ನಿಜವಾಗಿ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆದಿಡಿ. ಬೆಳಗ್ಗೆ ಬಂದು ಹೊಡೆದು ಹತ್ತು ನಿಮಿಷಕ್ಕೆ ಸಮ್ಮಟಿಗೆ ಎತ್ತಿದರೆ ಎಣ್ಣೆ ಏನು ಮಾಡುತ್ತೆ?

ಲೇತ್_ಭಾವ:

ಮೇಸ್ತ್ರಿ ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೇನೆ, ನಮ್ಮಲ್ಲಿಗೆ ದಿನಾ ಪಿನ್ನು ಬುಶ್ಶು ಬರುತ್ತವೆ. ಪಿನ್ನಿಗಿಂತ ಕೆಟ್ಟದ್ದು ಬೇರಿಂಗ್. ಬೇರಿಂಗ್ ಉಕ್ಕಿನ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 58ರಿಂದ 62ರ ಸುಮಾರು. ಸಾಮಾನ್ಯ ಸುತ್ತಿಗೆ ಮುಖಕ್ಕಿಂತಲೂ ಗಟ್ಟಿ. ಅದರ ಹೊರ ರಿಂಗಿಗೆ ನೇರ ಸುತ್ತಿಗೆ ಹಾಕುವವರನ್ನು ನೋಡಿದರೆ ನನಗೆ ಕೈಕಾಲು ನಡುಗುತ್ತೆ. ಒಡೆದರೆ ರಿಂಗೇ ಎರಡು ಹೋಳಾಗಿ ಹಾರುತ್ತದೆ. ಬೇರಿಂಗಿಗೆ ಪುಲ್ಲರ್ (ಹಿಡಿದು ಎಳೆಯೋ ಸಾಧನ) ಹಾಕಿ, ಇಲ್ಲ ಒತ್ತಿ ತೆಗೆಯೋ ಪ್ರೆಸ್ಸಿಗೆ ತನ್ನಿ. ಪ್ರೆಸ್ಸಿಗೆ ಇಟ್ಟಾಗಲೂ ಸುತ್ತ ದಪ್ಪ ತಗಡಿನ ಮರೆ ಇರಲಿ.

ಹಿತ್ತಾಳೆ ಪೆಟ್ಟು ತಿನ್ನುತ್ತದೆ ಅಂತ ತೀರ್ಥಹಳ್ಳಿಯವರು ಹೇಳಿದ್ದು ಸುಳ್ಳಲ್ಲ. ತೆಳು ರಾಡ್ ಇಟ್ಟರೆ ತಿನ್ನುತ್ತೆ. ಪಿನ್ನಿಗಿಂತ ಸ್ವಲ್ಪ ಸಣ್ಣ ದಪ್ಪದ್ದು ತಗೊಳ್ಳಿ, ಉದ್ದ ಒಂದು ಅಡಿ ಸಾಕು. ಹಿತ್ತಾಳೆ ಸಿಗದಿದ್ದರೆ ಮೆತ್ತಗಿನ ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ಆದೀತು, ಆದರೆ ಅದರ ತಲೆ ಪೆಟ್ಟು ತಿಂದು ಅಣಬೆ ಥರ ಅಗಲ ಆದ ಕೂಡಲೇ ಗ್ರೈಂಡ್ ಮಾಡಿ ಅಂಚು ತೆಗೀಬೇಕು. ಉಳಿಗೂ ಅಷ್ಟೇ. ಆ ಅಣಬೆ ಅಂಚು ಇದೆಯಲ್ಲ, ಮುಂದಿನ ಪೆಟ್ಟಿಗೆ ಹಾರೋದು ಅದೇ. ಹಳೇ ಆಕ್ಸೆಲ್ ತುಂಡನ್ನು ರಾಡ್ ಅಂತ ಬಳಸಬೇಡಿ, ಅದೂ ಗಟ್ಟಿ ಮಾಡಿದ್ದೇ.

ಇನ್ನು ರಾಡು ಹಿಡಿಯೋ ಹುಡುಗ. ಅವನ ಮುಖ ಪೆಟ್ಟು ಬೀಳೋ ಜಾಗದಿಂದ ಎರಡು ಅಡಿ ದೂರ ಇರುತ್ತದೆ. ಬೀಸುವವನು ಆರು ಅಡಿ ದೂರ. ಯಾರ ಕಣ್ಣಿಗೆ ಬೀಳುತ್ತೆ ಹೇಳಿ? ರಾಡಿಗೆ ಉದ್ದದ ಹಿಡಿ ಮಾಡಿ. ಮುಕ್ಕಾಲು ಇಂಚಿನ ಪೈಪು, ಎರಡೂವರೆ ಅಡಿ, ತುದಿಗೆ ಕ್ಲಾಂಪ್. ಹಿತ್ತಾಳೆಗೆ ವೆಲ್ಡ್ ಹಿಡಿಯಲ್ಲ, ಕ್ಲಾಂಪೇ ಆಗಬೇಕು. ಟಿಪ್ಪರಿನ ಹಳೇ ಮಡ್‌ಫ್ಲಾಪ್ ರಬ್ಬರಿನಿಂದ ತಟ್ಟೆಯಷ್ಟು ಅಗಲ ಕತ್ತರಿಸಿ, ನಡುವೆ ತೂತು ಮಾಡಿ ರಾಡಿಗೆ ತೂರಿಸಿ. ಕೈಗೂ ಮುಖಕ್ಕೂ ಅದು ಅಡ್ಡ ನಿಲ್ಲುತ್ತದೆ. ನಮ್ಮಲ್ಲಿ ಇದನ್ನು ಬಳಸ್ತಾ ಇದ್ದೇವೆ. ರಬ್ಬರಿನಲ್ಲಿ ಚುಚ್ಚಿ ಕೂತ ಚೂರುಗಳನ್ನು ತೋರಿಸಿದ ಮೇಲೆ ಹುಡುಗರಿಗೆ ಭಾಷಣ ಬೇಕಾಗಲಿಲ್ಲ.

ಹೊಸನಗರ_ಹಿಟಾಚಿ:

ಭಾವ, ಮಡ್‌ಫ್ಲಾಪ್ ಐಡಿಯಾ ಬಹಳ ಚೆನ್ನಾಗಿದೆ. ನಾಳೆಯೇ ಮಾಡಿಸ್ತೇನೆ. ಗ್ಯಾಸ್ ಹಾಕಿ ಕಾಯಿಸಿ ತೆಗೆದರೆ ಹೊಡೆಯುವ ಕೆಲಸವೇ ಕಮ್ಮಿ ಆಗಲ್ವಾ? ನಮ್ಮ ವೆಲ್ಡರ್ ಯಾವಾಗಲೂ ಅದನ್ನೇ ಹೇಳ್ತಾನೆ.

ಲೇತ್_ಭಾವ:

ಜಾಗ್ರತೆ. ಕೆಲವು ಪಿನ್ನಿನೊಳಗೆ ಗ್ರೀಸ್ ಹೋಗುವ ತೂತು ಇರುತ್ತದೆ. ಒಂದು ಕಡೆ ಗ್ರೀಸ್ ಹೊಡೆಯೋ ನಿಪ್ಪಲ್, ಇನ್ನೊಂದು ಕಡೆ ಮಣ್ಣು ತುಕ್ಕು ಸೇರಿ ಮುಚ್ಚಿರುತ್ತದೆ. ಅದಕ್ಕೆ ಬೆಂಕಿ ಕೊಟ್ಟರೆ ಒಳಗಿನ ಗ್ರೀಸು ಆವಿಯಾಗಿ ಹೋಗಲು ದಾರಿ ಇಲ್ಲದೆ ಪಿನ್ನೇ ಸಿಡಿಯಬಹುದು, ನಿಪ್ಪಲ್ಲು ಗುಂಡಿನ ಹಾಗೆ ಹೊರಡಬಹುದು. ನಿಪ್ಪಲ್ ಬಿಚ್ಚಿ, ತೂತಿಗೆ ತಂತಿ ಹಾಕಿ ಆಚೆ ಕಡೆ ಬರುತ್ತಾ ನೋಡಿ, ಆಮೇಲೆ ಬೆಂಕಿಯ ಮಾತು. ಕಾಯಿಸೋದಾದರೂ ಹೊರಗಿನ ಬಾಸ್ (ಪಿನ್ ಕೂರೋ ತೂತಿನ ಸುತ್ತಲಿನ ದಪ್ಪ ಉಕ್ಕು) ಕಾಯಿಸಬೇಕು, ಪಿನ್ನನ್ನಲ್ಲ. ಪಿನ್ ಕಾಯಿಸಿದರೆ ಅದೇ ದೊಡ್ಡದಾಗಿ ಇನ್ನೂ ಬಿಗಿಯಾಗುತ್ತೆ. ಪಕ್ಕದ ಹೈಡ್ರಾಲಿಕ್ ಹೋಸ್ ಮೇಲೂ ಕಣ್ಣಿರಲಿ.

ಕಣ್ಣಿನ_ವಾರ್ಡ್_ಅಕ್ಕ:

ನಾನು ಗಾಡಿಯವಳಲ್ಲ, ಕಣ್ಣಿನ ವಿಭಾಗದಲ್ಲಿ ನರ್ಸ್. ನನ್ನ ತಮ್ಮ ಈ ಚರ್ಚೆ ಕಳಿಸಿದ. ಚೂರು ಬಿದ್ದ ಮೇಲೆ ಏನು ಮಾಡಬೇಕು ಅಂತ ಯಾರೂ ಬರೆದಿಲ್ಲವಲ್ಲ, ಅದಕ್ಕೆ ಬರೀತಾ ಇದ್ದೇನೆ. ಉದ್ದ ಆಗುತ್ತೆ, ಓದಿ.

ಮೊದಲನೇದು, ಸುತ್ತಿಗೆ ಕೆಲಸ ಮಾಡುವಾಗ "ಏನೋ ಬಿತ್ತು, ಈಗ ಸರಿ ಇದೆ" ಅಂದರೆ ನಂಬಬೇಡಿ. ಸಣ್ಣ ಉಕ್ಕಿನ ಚೂರು ಬಿಸಿಯಾಗಿ ಜೋರಾಗಿ ಬಂದು ಕಣ್ಣುಗುಡ್ಡೆಯನ್ನು ತೂರಿ ಒಳಗೆ ಹೋದಾಗ ಕೆಲವರಿಗೆ ನೋವೇ ಗೊತ್ತಾಗಲ್ಲ. ಹೊರಗೆ ಸಣ್ಣ ಕೆಂಪು ಗೆರೆ, ಅಷ್ಟೇ. ದೃಷ್ಟಿಯೂ ಮೊದಲು ಸರಿಯೇ ಇರುತ್ತದೆ. ಒಳಗೆ ಉಳಿದ ಕಬ್ಬಿಣ ನಿಧಾನಕ್ಕೆ ಕರಗಿ ಕಣ್ಣಿನ ನರಪದರವನ್ನೇ ಹಾಳು ಮಾಡುತ್ತದೆ. ತಿಂಗಳುಗಳ ಮೇಲೆ ರಾತ್ರಿ ಕಾಣಲ್ಲ ಅಂತ ಬರ್ತಾರೆ.

ಎರಡನೇದು, ಉಜ್ಜಬೇಡಿ, ಒತ್ತಬೇಡಿ. ಬರೀ ಧೂಳು, ಗ್ರೈಂಡಿಂಗ್ ಪುಡಿ ಮೇಲೆ ಕೂತಿದ್ದರೆ ಶುದ್ಧ ನೀರು ಹರಿಸಿ ತೊಳೀಬಹುದು. ಆದರೆ ಚುಚ್ಚಿದೆ, ರಕ್ತ ಇದೆ, ಒಮ್ಮೆಲೇ ಮಸುಕಾಯ್ತು, ಕಣ್ಣಿನ ಕಪ್ಪು ಬೊಟ್ಟು ದುಂಡಗಿಲ್ಲದೆ ಹನಿಯ ಆಕಾರಕ್ಕೆ ಎಳೆದಂತಿದೆ ಅಂದರೆ ನೀರೂ ಬೇಡ, ಡ್ರಾಪ್ಸೂ ಬೇಡ. ಕಾಗದದ ಟೀ ಲೋಟದ ತಳ ಕತ್ತರಿಸಿ, ಕಣ್ಣುಗುಡ್ಡೆಗೆ ತಾಗದ ಹಾಗೆ ಸುತ್ತಲಿನ ಮೂಳೆ ಮೇಲೆ ಕೂರಿಸಿ ಟೇಪ್ ಹಾಕಿ ಹೊರಡಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ದಾರಿಯಲ್ಲಿ ಕಾಫಿ ತಿಂಡಿ ಕೊಡಬೇಡಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ಕೇಳಿಟ್ಟುಕೊಳ್ಳಿ.

ಮೂರನೇದು ನಮ್ಮೂರಿನ ಔಷಧಿಗಳು. ಎದೆಹಾಲು ಬಿಡೋದು, ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ. ದಯವಿಟ್ಟು ಬೇಡ. ತೂತಾದ ಕಣ್ಣಿಗೆ ಅದೆಲ್ಲ ಸೋಂಕಿನ ದಾರಿ. ಗ್ಯಾರೇಜಿನ ಔಷಧಿ ಇನ್ನೂ ವಿಶೇಷ, ಸ್ಪೀಕರ್ ಮ್ಯಾಗ್ನೆಟ್ ಹಿಡಿದು ಎಳೆಯೋದು, ಬೆಂಕಿಕಡ್ಡಿ ತುದಿಗೆ ಬಟ್ಟೆ ಸುತ್ತಿ ತೆಗೆಯೋದು. ಮೆಡಿಕಲ್ ಶಾಪಿನಿಂದ ಮರಗಟ್ಟಿಸುವ ಡ್ರಾಪ್ಸ್ ತಂದು ನೋವಾದಾಗಲೆಲ್ಲ ಹಾಕ್ಕೊಳ್ಳೋದೂ ಇದೆ. ಅದು ಕಣ್ಣಿನ ಮೇಲ್ಪದರ ವಾಸಿಯಾಗೋದನ್ನೇ ತಡೆಯುತ್ತದೆ.

ಮತ್ತೆ, ಡಾಕ್ಟರಿಗೆ "ಕಬ್ಬಿಣ ಹೊಡೆಯುವಾಗ ಬಿತ್ತು" ಅಂತ ಬಾಯಿ ಬಿಟ್ಟು ಹೇಳಿ. ಸುಮ್ನೆ "ಕಸ ಬಿತ್ತು" ಅನ್ನಬೇಡಿ. ಕಬ್ಬಿಣ ಅಂದರೆ ಎಕ್ಸ್‌ರೇ, ಸಿಟಿ ನೋಡ್ತಾರೆ. ಎಂಆರ್‌ಐ ಮಾಡಿಸಬಾರದು, ಅದರ ಅಯಸ್ಕಾಂತಕ್ಕೆ ಚೂರು ಒಳಗೇ ಚಲಿಸಿಬಿಡುತ್ತದೆ. ಪಿನ್ನು ಯಾವುದರದ್ದು, ಏನರ ಮೇಲೆ ಹೊಡೆದಿದ್ದು ಅಂತ ಗೊತ್ತಿರೋ ಒಬ್ಬ ಜೊತೆಗೆ ಬನ್ನಿ.

ಮಲ್ನಾಡ್_ಆಪರೇಟರ್:

ಅಕ್ಕ, ಆಗುಂಬೆ ಕಡೆಯಿಂದ ಶಿವಮೊಗ್ಗಕ್ಕೆ ಬರೋಷ್ಟರಲ್ಲಿ ಎರಡು ಗಂಟೆ ಮೇಲಾಗುತ್ತೆ, ಮಳೆಗಾಲದಲ್ಲಿ ಮರ ಬಿದ್ದಿದ್ದರೆ ಕೇಳೋದೇ ಬೇಡ. ಮೊದಲು ತೀರ್ಥಹಳ್ಳಿಯಲ್ಲಿ ತೋರಿಸಿ ಹೋಗಬೇಕಾ, ನೇರ ಹೋಗಬೇಕಾ?

ಕಣ್ಣಿನ_ವಾರ್ಡ್_ಅಕ್ಕ:

ತೀರ್ಥಹಳ್ಳಿ ದಾರಿಯಲ್ಲೇ ಸಿಗುತ್ತದಲ್ವಾ. ಅಲ್ಲಿ ಲೋಟದ ಮರೆ ಸರಿಯಾಗಿ ಹಾಕಿಸಿ, ಟಿಟಿ, ಆಂಟಿಬಯೋಟಿಕ್ ಶುರು ಮಾಡಿಸಿ ಚೀಟಿ ತಗೊಂಡು ಹೊರಡಿ. ಅಲ್ಲೇ ಕೂತು ಬೆಳಗಾಗಲಿ ಅಂತ ಕಾಯಬೇಡಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಸರ್ಕಾರಿ ಆಸ್ಪತ್ರೆ ಇದೆ, ತೀರ್ಥಹಳ್ಳಿ ರಸ್ತೆಯಲ್ಲೇ ಹರಕೆರೆ ಹತ್ತಿರ ಶಂಕರ ಕಣ್ಣಿನ ಆಸ್ಪತ್ರೆ ಇದೆ. ಹೊರಡುವ ಮೊದಲು ಫೋನ್ ಮಾಡಿ ಕಣ್ಣಿನ ಡಾಕ್ಟರು ಇದ್ದಾರಾ ಕೇಳಿಕೊಳ್ಳಿ.

ಸೇಫ್ಟಿ_ಮಾಚೇನಹಳ್ಳಿ:

ಕನ್ನಡಕದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಪಾಪ. ನಾನು ಫೌಂಡ್ರಿಯಲ್ಲಿ ಸೇಫ್ಟಿ ನೋಡಿಕೊಳ್ಳೋನು.

ಕನ್ನಡಕದ ಮೇಲೆ ಏನು ಬರೆದಿದೆ ನೋಡಿ ತಗೊಳ್ಳಿ. ನಮ್ಮ ದೇಶದ ಗುರುತು ಐಎಸ್ 5983. ಹೊರಗಿನದ್ದಾದರೆ ಇಎನ್ 166 ಅಥವಾ ಝಡ್ 87+ ಅಂತ ಇರುತ್ತದೆ. ಇಎನ್ 166ರಲ್ಲಿ ಹೊಡೆತಕ್ಕೆ ಅಕ್ಷರ ಕೊಟ್ಟಿದ್ದಾರೆ. ಎಫ್ ಅಂದರೆ 6 ಮಿ.ಮೀ. ಉಕ್ಕಿನ ಗುಂಡು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಂದು ಬಡಿದರೂ ತಡೆಯಬೇಕು, ಗಂಟೆಗೆ 162 ಕಿಲೋಮೀಟರ್ ಆಯ್ತು. ಬಿ ಅಂದರೆ ಸೆಕೆಂಡಿಗೆ 120 ಮೀಟರ್. ಎ ಅಂದರೆ 190. ಸಾಮಾನ್ಯ ಕಡ್ಡಿ ಕನ್ನಡಕಕ್ಕೆ ಎಫ್ ಮಾತ್ರ ಸಿಗುತ್ತೆ, ಮುಖಕ್ಕೆ ಅಂಟಿ ಕೂರುವ ಗಾಗಲ್‌ಗೆ ಬಿ ತನಕ, ಎ ಬೇಕಾದರೆ ಮುಖ ಪೂರ್ತಿ ಮುಚ್ಚುವ ಫೇಸ್ ಶೀಲ್ಡೇ. ಏನೂ ಬರೆದಿಲ್ಲ ಅಂದರೆ ಅದು ಬಿಸಿಲಿನ ಕನ್ನಡಕ, ಜಾತ್ರೆಗೆ ಹಾಕ್ಕೊಂಡು ಹೋಗಿ. ನಂಬರ್ ಕನ್ನಡಕ ಇರೋರು ಅದೇ ಸಾಕು ಅಂದ್ಕೋಬೇಡಿ, ಅದರ ಮೇಲೆ ಕೂರುವ ದೊಡ್ಡ ಗಾಗಲ್ ಬರುತ್ತೆ.

ಬರೀ ಫೇಸ್ ಶೀಲ್ಡ್ ಹಾಕಿದರೂ ಸಾಲದು. ಕೆಳಗಿನಿಂದ ಗಲ್ಲದ ಹತ್ತಿರ ಹೊಕ್ಕ ಚೂರು ಒಳಗೇ ಬಡಿದು ಕಣ್ಣಿಗೆ ಬರುತ್ತದೆ. ಒಳಗೆ ಕನ್ನಡಕ, ಮೇಲೆ ಶೀಲ್ಡ್.

ಮಂಜಿನ ವಿಚಾರ. ನಿಮ್ಮ ಹುಡುಗರು ಮುಖಕ್ಕೆ ಟವೆಲ್ ಕಟ್ತಾರಾ? ಉಸಿರು ಟವೆಲ್ಲಿನ ಮೇಲಿಂದ ನೇರ ಗಾಜಿಗೆ ಹೋಗುತ್ತೆ. ಅದನ್ನು ಬಿಚ್ಚಿಸಿದರೆ ಅರ್ಧ ಮಂಜು ಹೋಯ್ತು. ಪಿನ್ ಬಡಿಯುವಾಗ ಎಷ್ಟು ಧೂಳು ಇರುತ್ತೆ ಹೇಳಿ, ಟವೆಲ್ ಬೇಕಾಗಲ್ಲ. ಮಂಜು ಹಿಡಿಯದ ಲೇಪ ಇರೋ ಕನ್ನಡಕ ತಗೊಳ್ಳಿ, ಗಾಗಲ್ ಆದರೆ ಪಕ್ಕದಲ್ಲಿ ಮರೆ ಇರೋ ಗಾಳಿ ಕಿಂಡಿಯದ್ದು. ಪಾತ್ರೆ ತೊಳೆಯುವ ಸೋಪಿನ ನೀರನ್ನು ಒಂದು ಹನಿ ಒಳಗೆ ಸವರಿ, ತೊಳೆಯದೆ ಮೆತ್ತಗೆ ಒರೆಸಿದರೂ ಒಂದಿಷ್ಟು ಹೊತ್ತು ತಡೆಯುತ್ತೆ. ಒಂದು ಫ್ಯಾನ್ ಹಾಕಿ.

ಪೆಟ್ರೋಲು, ಥಿನ್ನರ್ ಬಟ್ಟೆಯಿಂದ ಮಾತ್ರ ಒರೆಸಬೇಡಿ. ಈ ಲೆನ್ಸು ಪಾಲಿಕಾರ್ಬೊನೇಟ್. ಥಿನ್ನರ್ ತಾಗಿದರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಪೆಟ್ಟಿಗೆ ಒಡೆಯುತ್ತದೆ. ನಮ್ಮ ಕಡೆ ಗ್ರೀಸ್ ಕೈ ಒರೆಸೋ ಬಟ್ಟೆಯಲ್ಲೇ ಕನ್ನಡಕವನ್ನೂ ಒರೆಸ್ತಾರೆ. ಮೂರು ದಿನಕ್ಕೆ ಗೀರು ಬಿದ್ದು ಮಸುಕು, ಆಮೇಲೆ ಹಣೆ ಮೇಲೆ. ಮಂಜಿಗಿಂತ ಗೀರೇ ದೊಡ್ಡ ಕಾರಣ ಅಂತ ನನಗೆ ಅನ್ನಿಸಿದೆ. ಪ್ರತಿಯೊಬ್ಬನಿಗೂ ಅವನದೇ ಕನ್ನಡಕ, ಅವನದೇ ಡಬ್ಬಿ, ಕುತ್ತಿಗೆಗೆ ದಾರ. ಗೀರು ಬಿದ್ದರೆ ಬೈಯದೆ ಹೊಸದು ಕೊಡಿ.

ಟಿಪ್ಪರ್_ತೀರ್ಥಹಳ್ಳಿ:

ಸರ್, ಫ್ಯಾಕ್ಟರಿಯಲ್ಲಿ ನಿಮಗೆ ರೂಲ್ಸ್ ಇರುತ್ತೆ, ಹಾಕಲೇಬೇಕು. ನಾವು ಕಾಡಂಚಿನಲ್ಲಿ ಗಾಡಿ ಕೆಟ್ಟು ನಿಂತಾಗ ಮಳೆಯಲ್ಲಿ ಕೆಸರಲ್ಲಿ ಮಲಗಿ ಪಿನ್ ತೆಗೀತೀವಿ. ಅಲ್ಲಿ ಡಬ್ಬಿ ದಾರ ಎಲ್ಲ ಎಲ್ಲಿ?

ಸೇಫ್ಟಿ_ಮಾಚೇನಹಳ್ಳಿ:

ರೂಲ್ಸ್ ಹೌದು, 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಬರೋ ತನಕ ಇದ್ದ 1948ರ ಕಾರ್ಖಾನೆ ಕಾಯ್ದೆಯಲ್ಲಿ 35ನೇ ಸೆಕ್ಷನ್ ಕಣ್ಣಿನ ರಕ್ಷಣೆಗೇ ಇಟ್ಟಿದ್ದು. ಚೂರು ಹಾರುವ ಕೆಲಸ ಅಂದರೆ ಮರೆ ಇಲ್ಲವೇ ಗಾಗಲ್ ಕೊಡಬೇಕು ಅಂತ ಅದರಲ್ಲಿತ್ತು. ಸಣ್ಣ ಗ್ಯಾರೇಜಿಗೆ ಅದು ತಾಗದಿರಬಹುದು, ಚೂರಿಗೆ ಅದೆಲ್ಲ ಗೊತ್ತಿಲ್ಲ. ಮಾಲೀಕರು ಇನ್ನೊಂದು ಲೆಕ್ಕ ನೋಡಿ. ಅಲ್ಲಿಯ ತನಕ ಇದ್ದ 1923ರ ಕೆಲಸಗಾರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಒಂದು ಕಣ್ಣೇ ಹೋದರೆ ದುಡಿಮೆಯ ಶಕ್ತಿ ನೂರಕ್ಕೆ 40 ಹೋಯ್ತು ಅಂತ ಹಿಡೀತಿದ್ರು, ಗುಡ್ಡೆ ಉಳಿದು ದೃಷ್ಟಿ ಮಾತ್ರ ಹೋದರೆ 30. ಇಪ್ಪತ್ತರ ಹುಡುಗನ ವಯಸ್ಸಿಗೆ ಆ ಲೆಕ್ಕ ಸಣ್ಣದಲ್ಲ.

ಕಾಡಂಚಿನಲ್ಲಿ ನಿಂತಾಗ? ಕನ್ನಡಕ ಕ್ಯಾಬಿನ್ನಿನಲ್ಲಿ ಇಡಿ, ಗ್ರೀಸ್ ಗನ್ ಜೊತೆ. ಗ್ರೀಸ್ ಗನ್ ಮರೆತು ಹೋಗಲ್ಲ ಅಲ್ವಾ.

ಲೇತ್_ಭಾವ:

ಗ್ರೀಸ್ ಗನ್ ಮರೆಯೋರೇ ಜಾಸ್ತಿ ಸಾರ್, ಅದಕ್ಕೇ ನಮ್ಮ ಲೇತ್ ಓಡ್ತಾ ಇದೆ. ದಿನಾ, ಇಲ್ಲ ಹತ್ತು ಗಂಟೆಗೊಮ್ಮೆ ಬಕೆಟ್ ಪಿನ್ನಿಗೆ ಗ್ರೀಸ್ ಕೊಟ್ಟವನ ಗಾಡಿಯಲ್ಲಿ ಪಿನ್ನು ಕೈಯಲ್ಲೇ ಬರುತ್ತೆ. ಮಳೆಗಾಲಕ್ಕೆ ನಿಲ್ಲಿಸುವ ದಿನ ಹಳೇ ಗ್ರೀಸ್ ಪೂರ್ತಿ ಹೊರಗೆ ಬರೋ ತನಕ ಹೊಡೆದು ನಿಲ್ಲಿಸಿ. ಕೆಂಪು ಮಣ್ಣು ನೀರು ಸೇರಿ ನಾಲ್ಕು ತಿಂಗಳು ಕೂತರೆ ಪಿನ್ನು ಬುಶ್ಶು ಒಂದೇ ತುಂಡು.

ಸಾಗರ_ವೆಲ್ಡಿಂಗ್:

ಗ್ರೈಂಡರ್ ಬಗ್ಗೆ ಯಾರೂ ಎತ್ತಲಿಲ್ಲ. ನಮ್ಮ ಮಲೆನಾಡಿಗೇ ಇರೋ ತೊಂದರೆ ಒಂದಿದೆ. ಕಟಿಂಗ್ ವೀಲ್, ಗ್ರೈಂಡಿಂಗ್ ವೀಲ್ ಎಲ್ಲ ಅಂಟಿನಲ್ಲಿ ಕೂರಿಸಿದ ಪುಡಿ. ತೇವ ಕುಡಿದರೆ ಅಂಟು ಸತ್ತು ಹೋಗುತ್ತೆ. ಬೇಸಿಗೆಯಲ್ಲಿ ತಂದ ಪ್ಯಾಕೆಟ್ಟು ಆಗಸ್ಟ್‌ನಲ್ಲಿ ಕಿಟಕಿ ಹತ್ತಿರ ನೇತಾಡ್ತಾ ಇದ್ದರೆ ಅದು ವೀಲ್ ಅಲ್ಲ. ನಡುವಿನ ಲೋಹದ ರಿಂಗ್ ಮೇಲೆ ತಿಂಗಳು ವರ್ಷ ಹೊಡೆದಿರ್ತಾರೆ, ಆ ದಿನಾಂಕ ಕಳೆದಿದ್ದನ್ನು ಎಸೆಯಿರಿ. ನಾವು ಬಿಸ್ಕೆಟ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಹಪ್ಪಳಕ್ಕೆ ಇಟ್ಟ ಹಾಗೆ ಬೆಚ್ಚಗಿನ ಜಾಗದಲ್ಲಿ ಇಡ್ತೇವೆ.

ಇನ್ನೊಂದು ಹುಚ್ಚು, 4 ಇಂಚಿನ ಮೆಶಿನ್ನಿನ ಗಾರ್ಡ್ ಬಿಚ್ಚಿ ದೊಡ್ಡ ವೀಲ್ ಹಾಕೋದು. 4 ಇಂಚಿನ ಮೆಶಿನ್ ತಿರುಗೋದು 11,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಸುಮಾರು. 7 ಇಂಚಿನ ವೀಲ್ ಮೇಲೆ ಬರೆದಿರೋ ಮಿತಿ 8,500 ಆಸುಪಾಸು. ಒಡೆದರೆ ಹೊಟ್ಟೆಗೆ ಹೊಕ್ಕುತ್ತೆ, ಕಣ್ಣು ಆಮೇಲೆ. ಹೊಸ ವೀಲ್ ಹಾಕಿದ ಮೇಲೆ ಒಂದು ನಿಮಿಷ ಪಕ್ಕಕ್ಕೆ ನಿಂತು ಖಾಲಿ ಓಡಿಸಿ. ತುಕ್ಕು ತೆಗೆಯೋ ತಂತಿ ಬ್ರಷ್ಷಿಗೂ ಶೀಲ್ಡ್ ಹಾಕಿ, ಅದರ ತಂತಿ ಕಿತ್ತು ಬಂದು ಅಂಗಿ ದಾಟಿ ಚುಚ್ಚುತ್ತೆ.

ಮಲ್ನಾಡ್_ಆಪರೇಟರ್:

ಹಿಟಾಚಿ ಟ್ರ್ಯಾಕ್ ಲೂಸ್ ಮಾಡುವಾಗ, ಅದನ್ನು ಬಿಗಿ ಹಿಡಿಯೋ ಗ್ರೀಸ್ ವಾಲ್ವಿನ ಎದುರು ಮುಖ ಇಟ್ಟು ಕೂರೋರಿಗೆ ಒಂದು ಮಾತು. ಒಳಗೆ ಭಾರಿ ಪ್ರೆಶರ್ ಇರುತ್ತೆ. ವಾಲ್ವನ್ನು ನಿಧಾನಕ್ಕೆ ಒಂದು ಸುತ್ತಿಗಿಂತ ಜಾಸ್ತಿ ಬಿಚ್ಚಬಾರದು, ಪಕ್ಕದಲ್ಲಿ ನಿಂತೇ ಬಿಚ್ಚಬೇಕು. ಗ್ರೀಸ್ ಬರಲಿಲ್ಲ ಅಂತ ಪೂರ್ತಿ ತಿರುಗಿಸಿದರೆ ವಾಲ್ವೇ ಹಾರುತ್ತೆ. ಗ್ರೀಸು ಚರ್ಮದೊಳಗೆ ಹೊಕ್ಕರೆ ಸಣ್ಣ ಚುಕ್ಕಿ ಕಾಣಿಸುತ್ತೆ ಅಷ್ಟೇ, ಆದರೆ ಅದು ಆವತ್ತೇ ಆಪರೇಷನ್ ಆಗಬೇಕಾದ ಕೇಸು.

ಟಯರ್_ಅಂಗಡಿ_ರಿಪ್ಪನ್‌ಪೇಟೆ:

ಲಾಕ್ ರಿಂಗ್ ಡಿಸ್ಕಿನ (ಟಯರನ್ನು ಉಕ್ಕಿನ ರಿಂಗ್ ಹಿಡಿದಿಡೋ ಚಕ್ರ) ಬಗ್ಗೆ ನಾನು ಬೇರೆ ಚರ್ಚೆ ಶುರು ಮಾಡ್ತೇನೆ, ಇಲ್ಲಿ ಹಿಡಿಸಲ್ಲ. ಅಲ್ಲಿಯ ತನಕ ಇಷ್ಟು ನೆನಪಿಡಿ: ನಟ್ ಮುಟ್ಟುವ ಮೊದಲು ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ, ಗಾಳಿ ತುಂಬುವಾಗ ಪಂಜರದೊಳಗೆ ಇಟ್ಟು ಉದ್ದ ಪೈಪಿನಿಂದ ದೂರ ನಿಂತು ತುಂಬಿ, ಗಾಳಿ ಇರುವಾಗ ರಿಂಗ್ ಕೂರಿಸಲು ಸುತ್ತಿಗೆ ಮುಟ್ಟಬೇಡಿ.

ಹೊಸನಗರ_ಹಿಟಾಚಿ:

ನಾನು ಕನ್ನಡಕ ಕೇಳೋಕೆ ಬಂದೆ, ನೀವು ಶೆಡ್ಡನ್ನೇ ಬದಲಾಯಿಸಿದ್ರಿ. ಮಡ್‌ಫ್ಲಾಪ್ ರಾಡು ತಯಾರಾಯ್ತು. ಟವೆಲ್ ಬಿಚ್ಚಿಸಿದ್ದೇನೆ, ಮಂಜು ನಿಜಕ್ಕೂ ಕಮ್ಮಿ. ಪಿನ್ ಕೆಲಸ ಮಾಡುವಾಗ ಬೇರೆಯವರು ಬರಬಾರದು ಅಂತ ಎರಡು ಪ್ಲೈವುಡ್ ಹಲಗೆ ಅಡ್ಡ ನಿಲ್ಲಿಸಿದ್ದೇವೆ, ಟೀ ತರೋ ಹುಡುಗನೂ ಆಚೆಯಿಂದಲೇ ಕೂಗಬೇಕು. ಭಾವ, ನಿಮ್ಮ ಹತ್ರ ಪಿನ್ ಎಳೆಯೋ ಜಾಕ್ ಇದೆ ಅಂತ ಯಾರೋ ಹೇಳಿದ್ರು?

ಲೇತ್_ಭಾವ:

ಇದೆ. ನಡುವೆ ತೂತಿರೋ ಹೈಡ್ರಾಲಿಕ್ ಜಾಕು, 30 ಟನ್ನಿಂದು. ಪಿನ್ನಿನ ತುದಿಗೆ ಥ್ರೆಡ್ ಹೊಡೆದು ಸ್ಟಡ್ (ಥ್ರೆಡ್ ಇರೋ ಸಲಾಕೆ) ಕೂರಿಸಿ, ಜಾಕಿನೊಳಗಿಂದ ತೂರಿಸಿ ಎಳೆಯೋದು. ಸುತ್ತಿಗೆ ಕೆಲಸವೇ ಇಲ್ಲ. ಆದರೆ ಜಾಕ್ ಬಂತು ಅಂತ ಹಾರೋದು ನಿಂತಿತು ಅಂದ್ಕೋಬೇಡಿ. ಸ್ಟಡ್ ತುಂಡಾದರೆ ನೇರ ಹಿಂದಕ್ಕೆ ಬಾಣದ ಹಾಗೆ ಹೋಗುತ್ತೆ. ಪೇಟೆಯಲ್ಲಿ ಸಿಗೋ ಮಾಮೂಲಿ ಥ್ರೆಡ್ ರಾಡ್ ಬೇಡವೇ ಬೇಡ, ಹೈ ಟೆನ್ಸೈಲ್ ಸ್ಟಡ್ಡೇ ಬೇಕು. ಪಂಪ್ ಹೊಡೆಯೋನು ಪಿನ್ನಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಹಿಂದೆ ಮುಂದೆ ಯಾರೂ ಇರಬಾರದು.

ಟಿಪ್ಪರ್_ತೀರ್ಥಹಳ್ಳಿ:

ಆ ಜಾಕ್ ಬಾಡಿಗೆಗೆ ಕೊಡ್ತೀರಾ ಭಾವ? ಕನ್ನಡಕದ ಮಾತು ನಾನು ಇನ್ನೂ ಒಪ್ಪಿಲ್ಲ. ಸೊಂಟಕ್ಕೆ ಡಾಕ್ಟರು ಸಮ್ಮಟಿಗೆ ಬಿಡಿ ಅಂದಿದ್ದಾರೆ, ಅದಕ್ಕೆ ಕೇಳಿದ್ದು.

ಲೇತ್_ಭಾವ:

ಕೊಡ್ತೇನೆ. ಪಿನ್ನಿನ ದಪ್ಪ ಅಳೆದುಕೊಂಡು ಬನ್ನಿ, ತುದಿಯಲ್ಲಿ ಮೊದಲೇ ಬೋಲ್ಟ್ ತೂತು ಇದೆಯಾ ನೋಡಿ, ಇದ್ದರೆ ಅರ್ಧ ಕೆಲಸ ಕಮ್ಮಿ. ಜಾಕ್ ಜೊತೆ ಎರಡು ಕನ್ನಡಕ ಪೆಟ್ಟಿಗೆಯಲ್ಲೇ ಇರುತ್ತೆ. ಹಾಕದೆ ಪಂಪ್ ಹೊಡೆದರೆ ಮುಂದಿನ ಸಲ ಬಾಡಿಗೆ ಡಬಲ್.